ಬಲಗಡೆಯ ಹೂವಿಗೆ ಹಚ್ಚಿದ ಗಂಧ

ದೇವಿಯ ಬಲಭುಜದ ಹೂವನ್ನು ನಾನು ಗಂಧದಿಂದ ಅಂಟಿಸಿದ್ದೆ. ಎಡಭುಜದ ಹೂವಿಗೆ ಬರೀ ನೀರು ಮುಟ್ಟಿಸಿದ್ದೆ. ಯಾವುದು ಮೊದಲು ಬೀಳುತ್ತದೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಮಾಡಿದೆ.

ಇಷ್ಟನ್ನು ಮೊದಲು ಹೇಳಿಬಿಟ್ಟರೆ ಉಳಿದದ್ದನ್ನು ನೆಟ್ಟಗೆ ಹೇಳಬಲ್ಲೆ. ನಾನು ಹೆಚ್ಚು ಓದಿದವನಲ್ಲ, ಹೈಸ್ಕೂಲು ಮುಗಿಸಿ ಸೌಟು ಹಿಡಿದವನು. ಆದರೆ ಇದನ್ನು ಬರೆಯುವಾಗ ನನ್ನ ಕೈ ನಡುಗುತ್ತಿಲ್ಲ. ನಡುಗಬೇಕಾಗಿದ್ದದ್ದು ಆಗ — ಆಗಲೂ ನಡುಗಲಿಲ್ಲ. ಅದೇ ಈಗ ನನ್ನನ್ನು ಹೆಚ್ಚು ಕಾಡುವುದು.

ಲಂಡನ್ನಿನ ಹೌನ್ಸ್ಲೋದ ನಮ್ಮ ಮನೆಗೆ ಹೂ ಕೇಳಲು ಬಂದವರಿಗೆ ನನ್ನ ಪರಿಚಯ ಬೇಕಿಲ್ಲ. ಬಾರದವರಿಗಾಗಿ ಹೇಳುತ್ತೇನೆ. ನಾನು ಕುಂದಾಪುರದ ಕಡೆಯವನು. ಹೋಟೆಲಿನ ಅಡುಗೆಗೆಂದು ಲಂಡನ್ನಿಗೆ ಬಂದೆ. ಆಮೇಲೆ ಸ್ವಂತ ಕೇಟರಿಂಗ್ ಶುರು ಮಾಡಿದೆ — ನಾಮಕರಣ, ಉಪನಯನ, ಷಷ್ಟ್ಯಬ್ದಿ, ನಮ್ಮವರ ಮನೆಯ ಊಟ ಎಲ್ಲಿದ್ದರೂ ನನ್ನ ವ್ಯಾನು ಅಲ್ಲಿರುತ್ತಿತ್ತು. ಹಿರಿಯರಿಂದ ಬಂದ ಒಂದು ಹಿತ್ತಾಳೆಯ ದೇವಿ ನನ್ನ ಮನೆಯಲ್ಲಿದ್ದಾಳೆ. ನಾನು ಪುರೋಹಿತನಲ್ಲ. ಆದರೂ ಊರಲ್ಲಿ ನನ್ನ ಅಪ್ಪ ಮಾಡುತ್ತಿದ್ದಂತೆ ಇಲ್ಲಿ ನಾನೂ ಬಂದವರಿಗೆ ಹೂ ಕೇಳಿ ಹೇಳುತ್ತಿದ್ದೆ. ಒದ್ದೆ ಮಾಡಿದ ಎಸಳನ್ನು ವಿಗ್ರಹದ ಎರಡು ಭುಜಕ್ಕೂ ಅಂಟಿಸುವುದು, ಕೇಳುವವರು ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಎದುರು ಕೂರುವುದು. ನೀರು ಆರುತ್ತ ಬಂದಂತೆ ಯಾವುದೋ ಒಂದು ಬೀಳುತ್ತದೆ. ಬಲದ್ದು ಬಿದ್ದರೆ ಅಪ್ಪಣೆಯಾಯಿತು. ಎಡದ್ದು ಬಿದ್ದರೆ ಬೇಡ. ಅಪ್ಪ ಬಳಸುತ್ತಿದ್ದ ಕೇಪಳದ ಹೂ ಈ ಊರಲ್ಲಿ ಎಲ್ಲಿಂದ ಬರಬೇಕು? ಸೂಪರ್‌ಮಾರ್ಕೆಟಿನ ಬಿಳಿ ಸೇವಂತಿಗೆಯ ಎಸಳೇ ಸಾಕಾಗುತ್ತಿತ್ತು. ಡಾಕ್ಟರುಗಳು ಬರುತ್ತಿದ್ದರು, ಕಂಪ್ಯೂಟರಿನವರು ಬರುತ್ತಿದ್ದರು. ನಗುತ್ತ ಬಂದವರೂ ಎಸಳು ಬೀಳುವ ಹೊತ್ತಿಗೆ ಉಸಿರು ಹಿಡಿದಿರುತ್ತಿದ್ದರು.

ರಘು ನನಗೆ ರಕ್ತಸಂಬಂಧಿಯಲ್ಲ. ಅವನ ತಾಯಿ ಸುಮತಿ ನಮ್ಮ ಪಕ್ಕದೂರಿನವಳು. ಗಂಡ ಹೋದ ಮೇಲೆ ಆಸ್ಪತ್ರೆಯ ಅಡುಗೆಮನೆಯಲ್ಲಿ ದುಡಿದು ಮಗನನ್ನು ದೊಡ್ಡದು ಮಾಡಿದವಳು. ಅವಳು ನನ್ನನ್ನು ಅಣ್ಣಯ್ಯ ಎಂದಳು. ಹಾಗೆ ನಾನು ರಘುವಿಗೆ ಮಾವನಾದೆ. ನನಗೆ ಮಕ್ಕಳಿಲ್ಲ. ಹೆಂಡತಿ ತೀರಿಕೊಂಡ ಮೇಲಂತೂ ಶನಿವಾರಗಳಲ್ಲಿ ವ್ಯಾನು ಓಡಿಸಿ, ಪಾತ್ರೆ ಎತ್ತಿ, ಬಡಿಸಿ, ನನ್ನ ಜೊತೆ ಕೂತು ಉಳಿದದ್ದನ್ನು ಉಣ್ಣುತ್ತಿದ್ದವನು ಅವನೊಬ್ಬನೇ.

ಭಾನುವಾರ ಮಾತ್ರ ಅವನು ನನ್ನವನಲ್ಲ. ಭಾನುವಾರ ಅವನು ಬೇಸ್‌ಬಾಲಿನವನು.

ಹೇಸ್‌ನ ಗೋದಾಮುಗಳ ಹಿಂದಿನ ಪಾರ್ಕಿನಲ್ಲಿ ಒಂದು ತಂಡ ಆಡುತ್ತಿತ್ತು. ಏರ್‌ಪೋರ್ಟಿನ ಕಾರ್ಗೋದಲ್ಲಿ ರಘುವಿನ ಜೊತೆ ಕೆಲಸ ಮಾಡುತ್ತಿದ್ದ ಯಾರೋ ಕರೆದುಕೊಂಡು ಹೋಗಿ ಸೇರಿಸಿದ್ದ. "ಕ್ರಿಕೆಟ್ ಬಿಟ್ಟು ಇದೆಂತಕೆ ಮಾರಾಯ?" ಎಂದು ಕೇಳಿದ್ದೆ. "ಅದಕ್ಕೇ ಮಾವ. ಇದ್ರಲ್ಲಿ ನಂಗೆ ಅಡ್ವೈಸ್ ಕೊಡೋಕೆ ಯಾವ ಅಂಕಲ್‌ಗೂ ಬರಲ್ಲ" ಎಂದಿದ್ದ. ದುಂಡನೆಯ ಬ್ಯಾಟು, ಚೆಂಡು ನೆಲ ಮುಟ್ಟದೆ ನೇರ ಬರುತ್ತದೆ, ಮೂರು ತಪ್ಪಿದರೆ ಆಟಗಾರ ಹೊರಗೆ. ಹತ್ತು ಸಲ ನಿಂತು ಮೂರು ಸಲ ಸರಿಯಾಗಿ ಹೊಡೆದವನನ್ನು ಗಟ್ಟಿಗ ಎನ್ನುತ್ತಾರಂತೆ. ಹತ್ತು ದೋಸೆಯಲ್ಲಿ ಏಳು ಸೀದು ಹೋದರೆ ನನ್ನನ್ನು ಯಾರು ಅಡುಗೆಯವನು ಎನ್ನುತ್ತಾರೆ ಎಂದು ನಾನು ನಕ್ಕಿದ್ದೆ. ಆದರೆ ರಘು ಹೊಡೆಯುವುದನ್ನು ಒಮ್ಮೆ ನೋಡಿದ ಮೇಲೆ ನಗಲಿಲ್ಲ. ಚೆಂಡು ಬ್ಯಾಟಿಗೆ ಸಿಕ್ಕಿದಾಗ ಆಗುವ ಆ ಸದ್ದು — ಮೇಲೆ ವಿಮಾನ ಹಾರುತ್ತಿದ್ದರೂ ಕೇಳುತ್ತಿತ್ತು.

ಹತ್ತಿರ ಹತ್ತಿರ ಹತ್ತು ವರ್ಷದ ಹಿಂದಿನ ಒಂದು ಬೇಸಿಗೆ. ಆ ಸದ್ದು ನಿಂತುಹೋಯಿತು.

ಯಾಕೆ ಎಂದು ಯಾರಿಗೂ ತಿಳಿಯಲಿಲ್ಲ. ತಂಡದಲ್ಲಿ ಮೂರನೆಯವನಾಗಿ ಬ್ಯಾಟು ಹಿಡಿಯುತ್ತಿದ್ದವನನ್ನು ಕ್ಯಾಪ್ಟನ್ ಕೆಳಕ್ಕೆ ಇಳಿಸಿದ, ಇನ್ನೂ ಕೆಳಕ್ಕೆ ಇಳಿಸಿದ, ಕೊನೆಗೆ ಬೆಂಚಿನ ಮೇಲೆ ಕೂರಿಸಿದ. ರಘು ಬ್ಯಾಟು ಬದಲಿಸಿದ. ನಿಲ್ಲುವ ರೀತಿ ಬದಲಿಸಿದ. ತನ್ನದೇ ವಿಡಿಯೋವನ್ನು ಫೋನಿನಲ್ಲಿ ಹಿಂದೆ ಮುಂದೆ ಮಾಡಿ ನೋಡುತ್ತ ಕೂರುತ್ತಿದ್ದ. ಒಂದು ನಾಮಕರಣದ ಊಟದಲ್ಲಿ ಅವನು ಬಡಿಸಲು ಬಂದಾಗ ಮೈಸೂರಿನ ಡಾಕ್ಟರೊಬ್ಬರು ಎಲೆಯ ಮುಂದೆ ಕೂತಲ್ಲಿಂದಲೇ ಕೂಗಿದರು:

"ಏನಪ್ಪಾ ರಘು, ಈ ವಾರನಾದ್ರೂ ಬಾಲು ಕಣ್ಣಿಗೆ ಬಿತ್ತೋ? ಬಾ, ಟೆಸ್ಟ್ ಮಾಡಿಸ್ತೀನಿ."

"ಮಾಡಿಸ್ದೆ ಡಾಕ್ಟ್ರೇ. ಕಣ್ಣು ಫೈನ್. ನಿಮ್ಮ ಎಲೆ ಖಾಲಿ ಇರೋದೂ ಕಾಣ್ತಿದೆ."

"ಹಾಗಾದ್ರೆ ಹೋಳಿಗೆ ಹಾಕು. ಅದಾದ್ರೂ ಗುರಿ ತಪ್ಪದೆ ಬೀಳ್ಲಿ!"

ಸಾಲಿನವರೆಲ್ಲ ನಕ್ಕರು, ರಘುವೂ ನಕ್ಕ. ಒಳಗೆ ಬಂದು ಹೋಳಿಗೆಯ ತಟ್ಟೆಯನ್ನು ಕೆಳಗಿಟ್ಟವನು ಗೋಡೆಗೆ ಹಣೆ ಒತ್ತಿ ಸ್ವಲ್ಪ ಹೊತ್ತು ನಿಂತ. ನಾನು ನೋಡಿದೆ. ನೋಡಿಯೂ ಸಾರಿಗೆ ಉಪ್ಪು ಹಾಕುತ್ತಿದ್ದೆ.

ಸೋಲು ಉದ್ದವಾಗುತ್ತ ಹೋದಂತೆ ಅವನು ಏನನ್ನಾದರೂ ನಂಬುವವನಾದ. ಅದಕ್ಕೆ ಮೊದಲು ಸುಮತಿ ಹಚ್ಚಿದ ದೀಪಕ್ಕೆ ಕೈ ಮುಗಿಯಲೂ ಬೇಜಾರು ಪಡುತ್ತಿದ್ದ ಹುಡುಗ! ಈಗ ಪ್ರತಿ ಆಟಕ್ಕೂ ಅದೇ ಒಂದು ಜೊತೆ ಕಾಲುಚೀಲ ಹಾಕಿಕೊಳ್ಳುತ್ತಿದ್ದ, ಮೈದಾನದ ಸುಣ್ಣದ ಗೆರೆಯನ್ನು ತುಳಿಯದೆ ದಾಟುತ್ತಿದ್ದ. ಒಂದು ಭಾನುವಾರ ನನ್ನ ಗೋಳಿಬಜೆ ತಿಂದು ಹೋಗಿ ಒಂದು ಹೊಡೆತ ಹೊಡೆದ. ಅಲ್ಲಿಂದ ಪ್ರತಿ ಭಾನುವಾರ ಬೆಳಿಗ್ಗೆ ಗೋಳಿಬಜೆ ಬೇಕೇ ಬೇಕು. ಕರಿದು ಕೊಟ್ಟೆ. ಅದೂ ಕೈಕೊಟ್ಟಿತು. ಅಂಥ ಹೊತ್ತಿನಲ್ಲಿ ಒಬ್ಬ ಮನುಷ್ಯ ಎಷ್ಟು ಮೆತ್ತಗಾಗಿರುತ್ತಾನೆ, ಎಲ್ಲಿ ಒತ್ತಿದರೆ ಅಲ್ಲಿ ಬಾಗುತ್ತಾನೆ — ಅದನ್ನು ನಾನು ಬಲ್ಲೆ. ಒತ್ತಿದವನು ನಾನೇ ಅಲ್ಲವೇ.

ಚೆಂಡು ಎಸೆದುಕೊಡಲು ಜನ ಬೇಕೆಂದಾಗ ನಾನೇ ಮುಂದಾದೆ. ಹುಡುಗನಾಗಿದ್ದಾಗ ಯಾವ ಎತ್ತರದ ಮಾವಿನಕಾಯಿಯನ್ನಾದರೂ ಒಂದೇ ಕಲ್ಲಿಗೆ ಕೆಡವುತ್ತಿದ್ದ ಕೈ ನನ್ನದು. ಸಂಜೆ ಪಾರ್ಕಿನಲ್ಲಿ ಒಂದು ಬಲೆಯ ಮರೆಯಲ್ಲಿ ನಿಂತು ಬಕೆಟಿನಿಂದ ಒಂದೊಂದೇ ತೆಗೆದು ಎಸೆಯುತ್ತಿದ್ದೆ. ಅವನು ಬೀಸುತ್ತಿದ್ದ, ತಪ್ಪುತ್ತಿದ್ದ. ಒಟ್ಟಿಗೆ ಚೆಂಡು ಹೆಕ್ಕುತ್ತಿದ್ದೆವು, ಮತ್ತೆ ಎಸೆಯುತ್ತಿದ್ದೆ. ಆ ಸಂಜೆಗಳು ನನಗೆ ಇಷ್ಟವಾಗಿದ್ದವು. ಇದನ್ನೂ ಒಪ್ಪಿಕೊಳ್ಳುತ್ತೇನೆ — ಅವನು ಸೋಲುತ್ತಿದ್ದಷ್ಟು ಕಾಲ ಅವನು ನನಗೆ ಹತ್ತಿರವಿದ್ದ.

ಆ ಶುಕ್ರವಾರದ ಸಂಜೆಯ ಮಾತಿಗೆ ಬರುತ್ತೇನೆ.

ಜೂನ್ ತಿಂಗಳ ಬೆಳಕು. ನಾನು ಎಸೆಯಲು ಹೋಗಿ ಕಾಲು ಜಾರಿ ಬಕೆಟಿನೊಳಗೇ ಕೂತುಬಿಟ್ಟೆ. ಎದ್ದರೆ ಬಕೆಟೂ ನನ್ನ ಜೊತೆಗೇ ಎದ್ದಿತು. ರಘು ಬ್ಯಾಟು ಕೆಳಗೆ ಹಾಕಿ, ಹೊಟ್ಟೆ ಹಿಡಿದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. "ಮಾವ, ಪ್ಲೀಸ್, ಅಲ್ಲಾಡ್ಬೇಡಿ, ಫೋಟೋ!" ಎಷ್ಟೋ ವಾರಗಳಿಂದ ಅವನ ಆ ನಗು ಕೇಳಿರಲಿಲ್ಲ. ಬಕೆಟಿನಿಂದ ಬಿಡಿಸಿಕೊಂಡು ನಾನು ಮತ್ತೆ ಎಸೆದೆ. ಅವನು ಇನ್ನೂ ನಗುತ್ತಲೇ ಬ್ಯಾಟು ಎತ್ತಿದ.

ಆ ಸದ್ದು.

ಮತ್ತೆ ಎಸೆದೆ. ಮತ್ತೆ ಅದೇ ಸದ್ದು. ಇಷ್ಟು ದಿನ ಬ್ಯಾಟನ್ನು ಕತ್ತು ಹಿಸುಕುವಂತೆ ಹಿಡಿಯುತ್ತಿದ್ದವನು ಈಗ ಸಡಿಲ ಬಿಟ್ಟಿದ್ದ, ಅಷ್ಟೇ ಇರಬೇಕು — ನನಗೆ ಆಟದ ಒಳಗುಟ್ಟು ಗೊತ್ತಿಲ್ಲ. ಗೊತ್ತಾದದ್ದು ಇಷ್ಟು: ಹುಡುಗ ವಾಪಸ್ ಬಂದಿದ್ದ. ನಾನು ಜೋರಾಗಿ ಎಸೆಯತೊಡಗಿದೆ. ಅವನಿಗೆ ಸಹಾಯವಾಗಲಿ ಎಂದಲ್ಲ. ಅವನು ತಪ್ಪಲಿ ಎಂದು. ಮಾವಿನಕಾಯಿಗೂ ಅಷ್ಟು ಜೋರಾಗಿ ಎಸೆದವನಲ್ಲ ನಾನು. ಕೈಯಲ್ಲಿದ್ದ ಶಕ್ತಿಯನ್ನೆಲ್ಲ ಹಾಕಿ, ಒಂದನ್ನು ಅವನ ಮೈಯ ಹತ್ತಿರ, ಇನ್ನೊಂದನ್ನು ದೂರ — ಅವನು ಎಲ್ಲವನ್ನೂ ಹೊಡೆದ. ಆಚೆ ನಾಯಿ ಕರೆದುಕೊಂಡು ಹೋಗುತ್ತಿದ್ದ ಹೆಂಗಸೊಬ್ಬಳು ನಿಂತು ಚಪ್ಪಾಳೆ ತಟ್ಟಿದಳು.

"ಮಾವ, ಬಾಲ್ ದೊಡ್ಡದಾಗಿ ಕಾಣ್ತಿದೆ," ಎಂದ. "ಇಡ್ಲಿ ತರ!"

ಮನೆಗೆ ಬಂದು ಭುಜಕ್ಕೆ ಎಣ್ಣೆ ತಿಕ್ಕಿಕೊಂಡೆ. ಆ ನೋವು ವಾರವಿಡೀ ಹೋಗಲಿಲ್ಲ.

ಈಗ ಕಾರಣ ಹೇಳಬೇಕು. ಅದು ದೊಡ್ಡದಲ್ಲ, ಸುಂದರವೂ ಅಲ್ಲ. ಆ ತಿಂಗಳಿಂದ ನನಗೆ ಒಂದು ಸಭಾಂಗಣದಲ್ಲಿ ಪ್ರತಿ ಭಾನುವಾರ ಅಡುಗೆ ಮಾಡಿ ಬಡಿಸುವ ಕೆಲಸ ಸಿಕ್ಕಿತ್ತು. ನನ್ನ ಮಂಡಿ ಆಗಲೇ ಸೋತಿತ್ತು; ಸಾಂಬಾರಿನ ಹಂಡೆ ಎತ್ತಲು ರಘು ಬೇಕಿತ್ತು. ಬೇರೆ ಹುಡುಗರು ಸಿಗುತ್ತಿರಲಿಲ್ಲವೇ? ಸಿಗುತ್ತಿದ್ದರು. ನನಗೆ ಅವನೇ ಬೇಕಿತ್ತು. ಬೆಂಚಿನ ಮೇಲೆ ಕೂತವನು ಇನ್ನೇನು ಆಟ ಬಿಡುತ್ತಾನೆ, ಭಾನುವಾರವೂ ನನ್ನ ಅಡುಗೆಮನೆಗೆ ಬರುತ್ತಾನೆ ಎಂದು ಒಳಗೊಳಗೇ ಲೆಕ್ಕ ಹಾಕಿದ್ದೆ. ಕ್ಯಾಪ್ಟನ್ ಅವನಿಗೆ ಒಂದು ಮಾತು ಹೇಳಿದ್ದ: ಈ ಭಾನುವಾರ ಆಡುವುದಾದರೆ ಕೊನೆಯ ಅವಕಾಶ, ಬೇಸಿಗೆಯ ಉಳಿದ ಆಟವೆಲ್ಲ ಅದರ ಮೇಲೆ, ಇಲ್ಲವಾದರೆ ಶನಿವಾರವೇ ಹೇಳಿಬಿಡು, ಬೇರೆಯವನನ್ನು ತೆಗೆದುಕೊಳ್ಳುತ್ತೇನೆ. ಅದಕ್ಕೇ ಸುಮತಿ ಆ ವಾರದ ಮೊದಲೇ ಫೋನು ಮಾಡಿದ್ದಳು. "ಅಣ್ಣಯ್ಯ, ಮಾಣಿಗೆ ಮನ್ಸೇ ಸಮಾ ಇಲ್ಲೆ. ಆಡುದಾ, ಬಿಡುದಾ — ಶನಿವಾರ ದೇವ್ರ ಹತ್ರ ಒಂದು ಹೂ ಕೇಂಬ." ರಘುವೂ ಒಪ್ಪಿದ್ದ. ಕಾಲುಚೀಲವನ್ನೂ ಗೋಳಿಬಜೆಯನ್ನೂ ನಂಬಿದವನು ದೇವಿಯನ್ನು ನಂಬದೇ ಇರುತ್ತಾನೆಯೇ?

ಶನಿವಾರ ಬೆಳಿಗ್ಗೆ ಅವನು ತಾಯಿಗಿಂತ ಮೊದಲೇ ಬಂದ. ನಾನು ಅಡುಗೆಮನೆಯಲ್ಲಿ ಗಂಧ ತೇಯುತ್ತಿದ್ದೆ. ಬಾಗಿಲಿಗೆ ಒರಗಿ ನಿಂತು ಕೇಳಿದ:

"ಮಾವ, ನಿನ್ನೆ ಬಂತು ಅಲ್ವಾ? ನೀವೇ ನೋಡಿದ್ರಲ್ಲ. ಐ ಡಿಡಂಟ್ ಇಮ್ಯಾಜಿನ್ ಇಟ್?"

ನೋಡಿ, ಅವನು ಹೂವಿಗೂ ಮೊದಲು ನನ್ನನ್ನು ಕೇಳಿದ. ನಾನು 'ಹೌದು' ಎಂದಿದ್ದರೆ ಆ ಹೂ ಯಾವ ಕಡೆ ಬಿದ್ದಿದ್ದರೂ ಅವನು ಭಾನುವಾರ ಮೈದಾನದಲ್ಲಿರುತ್ತಿದ್ದ ಎಂದೇ ಈಗ ಅನ್ನಿಸುತ್ತದೆ. ಸಾಣೆಕಲ್ಲಿನಿಂದ ತಲೆ ಎತ್ತದೆ ನಾನು ಹೇಳಿದೆ:

"ನಾ ಮೆಲ್ಲಗೆ ಎಸೆದದ್ದು ಮಾರಾಯ. ನೀನು ಬೇಜಾರಲ್ಲಿದ್ದಿಯಲ್ಲ ಅಂತ."

"ಓ," ಎಂದ.

ಅಷ್ಟೇ. ಆ ಒಂದು 'ಓ' — ಸೇದಿದ ಹಗ್ಗ ಕೈತಪ್ಪಿ ಬಿಂದಿಗೆ ಬಾವಿಗೆ ಬಿದ್ದ ಹಾಗಿತ್ತು. ಎಸೆಯುವವನ ಮಾತು ಬ್ಯಾಟು ಹಿಡಿದವನಿಗೆ ಸಾಕ್ಷಿ. ಚಪ್ಪಾಳೆ ತಟ್ಟಿದ ಹೆಂಗಸು ಯಾರೋ ಏನೋ, ಆ ಸಂಜೆಗೆ ಅವನು ಕೇಳಬಹುದಾಗಿದ್ದ ಸಾಕ್ಷಿ ನಾನೊಬ್ಬನೇ. ನಾನು ಸುಳ್ಳು ಸಾಕ್ಷಿ ಹೇಳಿದೆ.

ಆಮೇಲೆ ಹೂ. ನೀರು ಬೇಗ ಆರುತ್ತದೆ, ಗಂಧ ಒಣಗಿದಷ್ಟೂ ಹಿಡಿಯುತ್ತದೆ. ಇದು ದೇವರ ಕೆಲಸ ಮಾಡುವ ಯಾರಿಗೂ ಗೊತ್ತಿರುವ ಸಂಗತಿ. ಅದಕ್ಕೇ ಹೂ ಕೇಳುವಾಗ ಗಂಧ ಮುಟ್ಟಿಸಬಾರದೆಂದು ಅಪ್ಪ ನನಗೆ ಕಲಿಸಿದ್ದ. ಬಲದ ಎಸಳಿನ ಬೆನ್ನಿಗೆ ಉಗುರಿನ ತುದಿಯಷ್ಟು ಗಂಧ ಹಚ್ಚಿದೆ. ಕೈ ಎತ್ತಿ ದೇವಿಯ ಭುಜಕ್ಕೆ ಅಂಟಿಸುವಾಗ ನನ್ನ ಭುಜ ಚುರ್ ಎಂದಿತು. ಹಿಂದಿನ ಸಂಜೆ ಜೋರಾಗಿ ಎಸೆದ ಕೈ ಅದು. ಮೆಲ್ಲಗೆ ಎಸೆದೆ ಎಂದು ಬಾಯಿ ಹೇಳಿ ಇನ್ನೂ ಸ್ವಲ್ಪ ಹೊತ್ತಾಗಿತ್ತಷ್ಟೇ. ನೋವು ಅಲ್ಲೇ ಇತ್ತು, ನಿಜ ಹೇಳುತ್ತಿತ್ತು. ನಾನು ಕೇಳಿಸಿಕೊಳ್ಳಲಿಲ್ಲ.

ಎಡದ ಎಸಳು ಬಿತ್ತು. ಸುಮತಿ ಕಣ್ಣು ಮುಚ್ಚಿ ಕೈ ಮುಗಿದಳು. ರಘು ಕೆಳಗೆ ಬಿದ್ದ ಎಸಳನ್ನು ನೋಡಿದ, ನನ್ನನ್ನು ನೋಡಿದ, ಫೋನು ತೆಗೆದು ಅಲ್ಲೇ ಕೂತಲ್ಲೇ ಕ್ಯಾಪ್ಟನ್ನಿಗೆ ಮೆಸೇಜು ಕಳಿಸಿದ. ನಾನು ಇಬ್ಬರಿಗೂ ಪಾಯಸ ಬಡಿಸಿದೆ. ಮರುದಿನ ಅವನು ಸಾಂಬಾರಿನ ಹಂಡೆ ಎತ್ತಿದ. ಬ್ಯಾಟನ್ನು ಮತ್ತೆ ಎತ್ತಲಿಲ್ಲ.

ಇಲ್ಲಿಗೆ ಮುಗಿದಿದ್ದರೆ ಇದು ಒಂದು ಆಟದ ಕತೆ. ಆದರೆ ಅವನು ಬಿಟ್ಟದ್ದು ಆಟವನ್ನಷ್ಟೇ ಅಲ್ಲ. ತನ್ನ ಕಣ್ಣು ಕಂಡದ್ದು ನಿಜವಲ್ಲ, ತನ್ನ ಕೈಗೆ ತಿಳಿದದ್ದು ನಿಜವಲ್ಲ ಎಂದು ಅವನು ಅಂದು ಕಲಿತ. ಕಲಿಸಿದವನು ನಾನು. ಆಮೇಲೆ ಎಲ್ಲದಕ್ಕೂ ನನ್ನ ದೇವಿಯ ಮುಂದೆ ಬಂದು ಕೂರತೊಡಗಿದ. ಕೆಲಸದಲ್ಲಿ ಸೂಪರ್‌ವೈಸರ್ ಆಗಲೇ? ಸ್ಟ್ರಾಟ್‌ಫರ್ಡ್‌ನಲ್ಲಿ ಫ್ಲಾಟ್ ಹಿಡಿಯಲೇ? ಒಮ್ಮೆ, ಜೊತೆಯಲ್ಲಿ ಕೆಲಸ ಮಾಡುವ ಹುಡುಗಿಯೊಬ್ಬಳ ವಿಷಯ ಮನಸ್ಸಿನಲ್ಲಿಟ್ಟುಕೊಂಡು ಕೂತ. ನಾನು ಆಮೇಲೆ ಯಾವತ್ತೂ ಗಂಧ ಹಚ್ಚಲಿಲ್ಲ, ಬರೀ ನೀರು. ಆ ಸಲವೂ ಎಡದ್ದೇ ಬಿತ್ತು. ಅವನು ಆ ಹುಡುಗಿಗೆ ಏನನ್ನೂ ಹೇಳಲಿಲ್ಲ. ಅವಳು ಬೇರೆ ಕಡೆ ಹೋದಳು. ಅದು ನಾನು ಬೀಳಿಸಿದ ಹೂವಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಹೂವನ್ನು ಅಷ್ಟು ನಂಬುವ ಹಾಗೆ ಅವನನ್ನು ಮಾಡಿದವನು ಯಾರು —

ಈ ವಸಂತದಲ್ಲಿ ಆ ಹಳೆಯ ಕ್ಯಾಪ್ಟನ್ ರಘುವಿಗೆ ಫೋನು ಮಾಡಿದನಂತೆ. ವಯಸ್ಸಾದವರದೇ ಒಂದು ತಂಡ ಕಟ್ಟುತ್ತಿದ್ದಾನೆ, ಬರುತ್ತೀಯಾ ಎಂದು. ರಘುವಿಗೆ ಈಗ ಕಿವಿಯ ಪಕ್ಕ ನರೆ ಬಂದಿದೆ. ಈ ಸುದ್ದಿ ಹೇಳುವಾಗ ಅವನ ಎರಡು ಕೈಗಳೂ ತಮಗೆ ತಿಳಿಯದೆಯೇ ಇಲ್ಲದ ಬ್ಯಾಟೊಂದನ್ನು ಹಿಡಿದುಕೊಂಡಿದ್ದವು. "ಏನ್ಮಾಡ್ಲಿ ಗೊತ್ತಾಗ್ತಿಲ್ಲ ಮಾವ. ಶನಿವಾರ ಹೂ ಕೇಳೋಣ್ವಾ?"

ಅದರ ಹಿಂದಿನ ದಿನವೇ ನಾನು ಸೇವಂತಿಗೆ ತಂದಿಟ್ಟೆ. ಹೇಳಿಬಿಡುತ್ತೇನೆ — ಈ ಸಲ ಎಡಗಡೆಗೆ ಗಂಧ ಹಚ್ಚಿದರೆ ಮುಗಿಯಿತು ಎಂದು ಯೋಚಿಸಿದೆ. ಬಲದ ಹೂ ಬೀಳುತ್ತದೆ, ಅವನು ಆಡುತ್ತಾನೆ, ನಾನು ಕಿತ್ತುಕೊಂಡದ್ದನ್ನು ವಾಪಸ್ ಕೊಟ್ಟಂತಾಗುತ್ತದೆ, ಯಾರಿಗೂ ನೋವಿಲ್ಲ. ಗಂಧದ ಕೊರಡನ್ನು ಕೈಗೆ ತೆಗೆದುಕೊಂಡೂ ಇದ್ದೆ. ಆಗ ಹಳೆಯ ಭುಜ ಮತ್ತೆ ನೋಯಿತು ಎಂದೆಲ್ಲ ಬರೆದರೆ ಚೆಂದ. ಆದರೆ ಏನೂ ನೋಯಲಿಲ್ಲ. ಒಂದೇ ಒಂದು ವಿಚಾರ ಬಂತು: ಹೀಗೆ ಮಾಡಿದರೆ ಅವನು ಸಾಯುವ ತನಕ ನನ್ನ ಹೂವಿನ ಕೈಯಲ್ಲೇ ಇರುತ್ತಾನೆ. ಕೊರಡನ್ನು ಕೆಳಗಿಟ್ಟೆ.

ಶನಿವಾರ ಅವನು ಬಂದಾಗ ದೇವರ ಮುಂದೆ ಕೂರಿಸಲಿಲ್ಲ. ಅಡುಗೆಮನೆಯ ಮೇಜಿನ ಮುಂದೆ ಕೂರಿಸಿ ಕಾಫಿ ಕೊಟ್ಟು ಹೇಳಿದೆ. ಗಂಧ, ನೀರು, ಭಾನುವಾರದ ಹಂಡೆ, ಎಲ್ಲ. ನಡುವೆ ನಿಲ್ಲಲಿಲ್ಲ, ಅಳಲಿಲ್ಲ. ಹೆಂಡತಿಯಿಲ್ಲದ ಮನೆ, ಮಕ್ಕಳಿಲ್ಲದ ಮುದುಕ ಎಂಬ ಮಾತುಗಳು ನಾಲಿಗೆಯ ತುದಿಗೆ ಬಂದವು, ನುಂಗಿದೆ.

ಅವನು ಬೈಯಲಿಲ್ಲ. ತಾಯಿಯ ಮಾತೆತ್ತಲಿಲ್ಲ. ಹೂವಿನ ವಿಷಯ ಒಂದಕ್ಷರವನ್ನೂ ಕೇಳಲಿಲ್ಲ. ಆ ಹುಡುಗಿಯನ್ನು ನೆನೆದನೋ ಏನೋ, ಕಿಟಕಿಯ ಕಡೆ ಒಮ್ಮೆ ನೋಡಿದ. ಆಮೇಲೆ ಕೇಳಿದ:

"ಅವತ್ತು ಪಾರ್ಕಲ್ಲಿ... ಮೆಲ್ಲಗೆ ಎಸೀಲಿಲ್ವಾ?"

"ಇಲ್ಲೆ. ನನ್ ಕೈಯಲ್ಲಿ ಇದ್ದಷ್ಟೂ ಜೋರು."

"ನಾನು ಮಿಸ್ ಮಾಡ್ಲಿ ಅಂತ?"

"ಹೌದು."

"ಮಾಡಿದ್ನಾ? ಒಂದಾದ್ರೂ?"

"ಇಲ್ಲೆ ಮಾರಾಯ. ಒಂದೂ ಇಲ್ಲ."

ಅವನು ತಲೆಯಾಡಿಸಿದ. ಕಾಫಿ ಲೋಟ ತೊಳೆದು ಬೋರಲು ಹಾಕಿದ — ನನ್ನ ಅಡುಗೆಮನೆಯಲ್ಲಿ ನಾನೇ ಕಲಿಸಿದ ಅಭ್ಯಾಸ. ಜಾಕೆಟ್ ಹಾಕಿಕೊಂಡು ಹೋದ. ಬಾಗಿಲು ಮೆತ್ತಗೆ ಮುಚ್ಚಿತು.

ಅಂದಿನಿಂದ ಅವನು ಬಂದಿಲ್ಲ, ಫೋನೂ ಇಲ್ಲ. ತಂಡಕ್ಕೆ ಹೂಂ ಎಂದನೋ ಇಲ್ಲವೋ ನನಗೆ ಗೊತ್ತಿಲ್ಲ. ಸುಮತಿಯನ್ನು ಕೇಳಬಹುದು, ಕೇಳಿಲ್ಲ. ಪಾರ್ಕಿನ ಕಡೆಗೂ ಹೋಗಿಲ್ಲ. ಅವನು ಕ್ಷಮಿಸಲಿ ಎಂದು ನಾನು ಇದನ್ನು ಬರೆಯುತ್ತಿಲ್ಲ. ಅದು ಅವನಿಗೆ ಬಿಟ್ಟದ್ದು, ಅವನು ಯಾವ ಹೂವನ್ನೂ ಕೇಳದೆ ತೀರ್ಮಾನಿಸಬೇಕಾದದ್ದು.

ನನ್ನ ಮನೆಯಲ್ಲಿ ಹೂ ಕೇಳಿದ ನಿಮಗೆಲ್ಲ ಇದು ತಿಳಿದಿರಲಿ ಎಂದು ಬರೆದೆ. ನಿಮ್ಮ ಹೂವುಗಳಿಗೆ ನಾನು ಗಂಧ ಹಚ್ಚಲಿಲ್ಲ. ನಂಬುವುದು ಬಿಡುವುದು ನಿಮಗೆ ಸೇರಿದ್ದು, ನಂಬಿ ಎನ್ನುವ ಬಾಯಿ ನನಗೆ ಉಳಿದಿಲ್ಲ. ದೇವಿಗೆ ದಿನವೂ ದೀಪ ಹಚ್ಚುತ್ತೇನೆ. ಹೂ ಇನ್ನು ಯಾರಿಗೂ ಕೇಳುವುದಿಲ್ಲ. ಬಂದವರಿಗೆ ಕಾಫಿ ಕೊಟ್ಟು ಈ ಕತೆಯನ್ನೇ ಹೇಳಿ ಕಳಿಸುತ್ತೇನೆ.

ಆ ಸಂಜೆಗೆ ಇರುವ ಸಾಕ್ಷಿ ಇವತ್ತಿಗೂ ನಾನೊಬ್ಬನೇ. ಈ ಸಲ ತಲೆ ಎತ್ತಿ ಹೇಳುತ್ತೇನೆ, ಕೇಳಿದವರಿಗೂ ಕೇಳದವರಿಗೂ: ನಾನು ಜೋರಾಗಿ ಎಸೆದೆ. ರಘು ಹೊಡೆದ.